ಹಿಣಿಲು

ಹೋದ ಅಕ್ಟೋಬರಿನ ಒಂದು ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದಾಗ ಫೋನಿಗೆ ಒಂದು ಫೋಟೋ ಬಂತು. ಕೆಂಪು ಮಣ್ಣು, ಮರದ ಹಲಗೆಯ ಬೇಲಿ, ಬೇಲಿಯಾಚೆ ಒಂದು ಬಿಳಿ ಹಸು. ಕಾಡಿಗೆ ತೀಡಿದಂಥ ಕಣ್ಣು, ಜೋಲುವ ಗಂಗೆದೊಗಲು, ಹೆಗಲ ಮೇಲೆ ಹಿಣಿಲು. ಕೆಳಗೆ ಒಂದೇ ಸಾಲು: ‘ಇವಳ ಗುರುತು ಸಿಕ್ಕಿತಾ?’

ಕೈ ಒರೆಸಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದೆ. ಸಿಗದೆ ಏನು! ಜಮಖಂಡಿ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜ ಎಡಗಡೆಯ ಗೂಟಕ್ಕೆ ಕಟ್ಟುತ್ತಿದ್ದ ಎತ್ತಿಗೆ ಒಬ್ಬಳು ಅಕ್ಕ ಇದ್ದಿದ್ದರೆ ಹೀಗೇ ಇರುತ್ತಿದ್ದಳು. ಆದರೆ ಫೋಟೋ ಬಂದದ್ದು ಬ್ರೆಜಿಲ್‌ನಿಂದ. ಕಳಿಸಿದವನು ಸ್ಕಾಟ್ಲೆಂಡಿನ ಒಬ್ಬ ದನ ಸಾಕುವ ಹುಡುಗ. ನೋಡುತ್ತ ನಿಂತ ನಾನು ಕೃಷ್ಣಾ ತೀರದವನು, ಹೊಟ್ಟೆಪಾಡಿಗೆ ಅಬರ್ಡೀನ್ ಕಡೆಯ ಮಳೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವವನು. ಮೂರು ಭೂಖಂಡಗಳ ನಡುವೆ ಒಂದು ಹಸು ನಿಂತುಕೊಂಡು ನನ್ನನ್ನೇ ನೋಡುತ್ತಿತ್ತು.

ಎರಡನೇ ಸಲ ನೋಡಿದಾಗ ಕಂಡದ್ದು ಕರು. ತಾಯಿಯ ಹೊಟ್ಟೆಯಡಿ, ನೆರಳಿನೊಳಗೆ ನೆರಳಿನಂತೆ ನಿಂತಿತ್ತು. ಅಪ್ಪಟ ಕಪ್ಪು.

ಹುಡುಗ ನನ್ನ ನೆರೆಮನೆಯವನು. ಇಲ್ಲಿ ನೆರೆಮನೆ ಎಂದರೆ ನಡುವೆ ಎರಡು ಹೊಲ, ಒಂದು ಹಳ್ಳ. ವಯಸ್ಸು 25. ಅಪ್ಪನ ಜೊತೆ ಸೇರಿ ಎಂಬತ್ತು ತೊಂಬತ್ತು ಅಬರ್ಡೀನ್ ಆಂಗಸ್ ಹಸುಗಳನ್ನು ಸಾಕುತ್ತಾನೆ. ಕಪ್ಪು ಮೈ, ಕೊಂಬಿಲ್ಲ, ಹಿಣಿಲಿಲ್ಲ, ಬೆನ್ನು ಊಟದ ಮೇಜಿನಷ್ಟು ಸಪಾಟು. ಈ ತಳಿಯ ತವರೇ ಈ ಸೀಮೆ. ಹತ್ತಿರದ ಆಲ್ಫರ್ಡ್ ಊರಿನಲ್ಲಿ ಆಂಗಸ್ ಹೋರಿಯ ಪ್ರತಿಮೆಯೇ ಇದೆ. ಮೊದಲ ಸಲ ನೋಡಿದಾಗ ನಂದಿ ಇದ್ದಾನೆ, ಎದುರಿಗೆ ಗುಡಿ ಎಲ್ಲಿ ಎಂದು ತಿರುಗಿ ನೋಡಿದ್ದೆ. ಹುಡುಗನ ಅಜ್ಜ ಇನ್ನೂ ಹಳೆಯ ಸ್ಕಾಟ್ ಮಾತಿನವರು. ದನಗಳಿಗೆ ಅವರ ಬಾಯಲ್ಲಿ ‘ಕೈ’ ಎಂದು ಹೆಸರು. ‘ಕೈ ನೋಡಲು ಬಾ’ ಎಂದು ಅವರು ಕರೆದಾಗಲೆಲ್ಲ ನನಗೆ ಒಳಗೊಳಗೇ ನಗು.

ಪರಿಚಯವಾದದ್ದೂ ದನದಿಂದಲೇ. ಬಂದ ಹೊಸತರಲ್ಲಿ ಸಂಜೆ ಬೇಲಿಗೆ ಒರಗಿ ಅವನ ಹಸುಗಳ ಕಾಲು ನೋಡುತ್ತ ನಿಂತಿದ್ದೆ. ಅವನು ಬಂದು, ‘ಎಲ್ಲರೂ ಮುಖದ ಫೋಟೋ ತೆಗೆಯುತ್ತಾರೆ, ನೀವು ಕಾಲು ನೋಡುತ್ತಿದ್ದೀರಲ್ಲ’ ಎಂದ. ಅದು ನನ್ನ ಬುದ್ಧಿಯಲ್ಲ, ಅಜ್ಜನದು. ಎತ್ತು ಕೊಳ್ಳಲು ಜಾತ್ರೆಗೆ ಹೋದರೆ ಅಜ್ಜನಿಗೆ ಮೂರು ದಿನ ಬೇಕು. ಮೊದಲ ದಿನ ಬರೀ ನೋಡುವುದು. ಗೊರಸು, ಮೊಣಕಾಲು, ಸುಳಿ, ಕಡೆಗೆ ಬಾಯಿ ಬಿಡಿಸಿ ಹಲ್ಲು. ದಲ್ಲಾಳಿಯ ಕೈಗೆ ಟವೆಲ್ಲಿನಡಿ ಬೆರಳು ಕೊಡುವುದೆಲ್ಲ ಮೂರನೇ ದಿನದ ಮಾತು. ‘ಮಾರಿ ನೋಡಿ ಮರುಳಾಗಬ್ಯಾಡ ತಮ್ಮಾ, ಕಾಲ ನೋಡು’ ಎನ್ನುತ್ತಿದ್ದ. ಇದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅರ್ಧ ರಸ ಸೋರಿಹೋಯಿತು. ಆದರೂ ಅವನಿಗೆ ತಿಳಿಯಿತು.

ರೈತ ಯುವಕರನ್ನು ಹೊರದೇಶಕ್ಕೆ ಕಳಿಸಿ, ಕಣ್ಣಾರೆ ಕಂಡು ಕಲಿತು ಬಾ ಎನ್ನುವ ಪದ್ಧತಿ ಬ್ರಿಟನ್ನಿನಲ್ಲಿ ಬೇರೂರಿದೆ. ಅದರಲ್ಲಿ ಹೆಸರಾದದ್ದು ನಫೀಲ್ಡ್ ವಿದ್ಯಾರ್ಥಿವೇತನ, 1947ರಿಂದ ನಡೆದು ಬಂದದ್ದು. ಈ ನಫೀಲ್ಡ್ ಬೇರಾರೂ ಅಲ್ಲ, ಮಾರಿಸ್ ಕಾರು ಮಾಡಿದ ವಿಲಿಯಂ ಮಾರಿಸ್. ನಮ್ಮ ಶಾಸಕರೂ ತಹಶೀಲ್ದಾರರೂ ದಶಕಗಟ್ಟಲೆ ಓಡಾಡಿದ ಅಂಬಾಸಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್ ಕಾರು. ಕಾರು ಮಾಡಿದವನ ದುಡ್ಡಿನಲ್ಲಿ ರೈತ ಊರೂರು ಅಲೆದು ದನ ನೋಡುವುದು ಎಂಥ ಚಂದ! ನಮ್ಮ ಹುಡುಗನಿಗೆ ಸಿಕ್ಕಿದ್ದು ಅಂಥದ್ದೇ ಒಂದು ಚಿಕ್ಕ ನೆರವು, ಎಂಟು ವಾರಕ್ಕೆ ಸಾಲುವಷ್ಟು. ಮಾಂಸದ ದನಗಳ ಸಾಕಣೆ ಕಲಿತು ಬಂದು ವರದಿ ಬರೆಯಬೇಕು, ಊರಿನ ರೈತರೆದುರು ನಿಂತು ಹೇಳಬೇಕು. ಅಪ್ಪನ ಮನಸ್ಸು ಕೆನಡಾ ಕಡೆಗಿತ್ತು. ಹವೆ ಒಂದೇ ತರಹ, ಭಾಷೆ ಒಂದೇ, ದನವೂ ಒಂದೇ. ಅದೇ ಕಾರಣಕ್ಕೆ ಹುಡುಗ ಬೇಡವೆಂದ. ತನ್ನ ದನ ತಾಳಲಾರದ ಸೆಕೆಯ ನಾಡನ್ನು ನೋಡಬೇಕು ಎಂದು ಬ್ರೆಜಿಲ್ ಆರಿಸಿಕೊಂಡ.

ಬ್ರೆಜಿಲ್‌ನಲ್ಲಿ ದನಗಳ ಸಂಖ್ಯೆ 20 ಕೋಟಿಗೂ ಹೆಚ್ಚು, ಅಲ್ಲಿನ ಜನಕ್ಕಿಂತ ದನವೇ ಜಾಸ್ತಿ. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ದನಗಳ ಮೈಯಲ್ಲಿ ನಮ್ಮ ಸೀಮೆಯ, ಅಂದರೆ ಹಿಣಿಲಿನ ದನದ ರಕ್ತ ಹರಿಯುತ್ತಿದೆ. ಬಹುಪಾಲು ನೆಲೋರೆ ಎಂಬ ತಳಿ. ಆಂಧ್ರದ ನೆಲ್ಲೂರಿನ ಹೆಸರೇ ಪೋರ್ಚುಗೀಸರ ನಾಲಿಗೆಯಲ್ಲಿ ಹೀಗಾಗಿದೆ. ದನ ಮಾತ್ರ ನಾವೆಲ್ಲ ಬಲ್ಲ ಓಂಗೋಲು.

ಹುಡುಗ ಮೊದಲು ಇಳಿದದ್ದು ಮಾತೊ ಗ್ರೊಸ್ಸೊ ದೊ ಸುಲ್ ಎಂಬ ರಾಜ್ಯದಲ್ಲಿ. ಅದರ ರಾಜಧಾನಿ ಕಂಪೊ ಗ್ರಾಂಡೆಯಲ್ಲಿ ಎಂಬ್ರಾಪಾದ, ಅಂದರೆ ಅಲ್ಲಿನ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆಯ, ಮಾಂಸದ ದನಗಳ ಕೇಂದ್ರವಿದೆ. ಅಲ್ಲಿಂದ ನಾಲ್ಕು ತಾಸು ಜೀಪಿನಲ್ಲಿ ಹೋದರೆ ಅವನು ಉಳಿದ ಫಜೆಂಡಾ, ಅಂದರೆ ದನ ಸಾಕುವ ದೊಡ್ಡ ಜಮೀನು. ಮೊದಲ ವಾರ ಅವನು ಬರೆದದ್ದೆಲ್ಲ ಚರ್ಮದ ಬಗ್ಗೆ. ‘ಕುತ್ತಿಗೆ ಮೇಲೆ ಕೈಯಿಟ್ಟೆ. ಚರ್ಮ ನನ್ನ ಅಂಗೈಯ ಕೆಳಗೆ ಜಾರಿತು. ಅಣ್ಣನ ಅಂಗಿ ತಮ್ಮ ಹಾಕಿಕೊಂಡಂತಿದೆ’ ಎಂದು ಒಂದು ಸಂದೇಶ. ‘ನೊಣ ಕೂತರೆ ಬಾಲ ಬೀಸುವುದೇ ಇಲ್ಲ, ಅಷ್ಟೇ ಜಾಗದ ಚರ್ಮ ನಡುಗಿಸಿ ಹಾರಿಸುತ್ತದೆ’ ಎಂದು ಇನ್ನೊಂದು. ಮಧ್ಯರಾತ್ರಿ ಮೂರನೆಯದು: ‘ಬಿಳಿ ಕೂದಲು ಬಿಡಿಸಿ ನೋಡಿದೆ. ಒಳಗೆ ಕಪ್ಪು!’

ಅವನ ಆಶ್ಚರ್ಯಸೂಚಕ ಚಿಹ್ನೆ ನೋಡುತ್ತ ನಾನು ಕೃಷ್ಣೆಯ ನೀರಿಗಿಳಿದಿದ್ದೆ. ಕಾರ ಹುಣ್ಣಿಮೆಯ ಬೆಳಿಗ್ಗೆ ಎತ್ತು ಮೈತೊಳೆಯಲು ನಮ್ಮನ್ನು ಹೊಳೆಗೆ ಕಳಿಸುತ್ತಿದ್ದರು. ಒಣಗಿದ್ದಾಗ ಬೆಳ್ಳಗಿದ್ದ ಎತ್ತು ನೀರು ಬಿದ್ದ ಕೂಡಲೇ ಬೂದಿಯಾಗಿ, ತಿಕ್ಕಿದಲ್ಲೆಲ್ಲ ಕೂದಲು ಅಂಟಿ, ಅಡಿಯ ಕಪ್ಪು ಹಾವಿನಂತೆ ಹೊಳೆಯುತ್ತಿತ್ತು. ಎತ್ತಿಗೆ ಬಣ್ಣ ಹೋಗುತ್ತಿದೆ ಎಂದು ಹೆದರಿ ಮೊದಲ ವರ್ಷ ನಾನು ತಿಕ್ಕುವುದನ್ನೇ ನಿಲ್ಲಿಸಿದ್ದೆ. ಇನ್ನೊಂದು ಆಟವಿತ್ತು. ಮಲಗಿದ ಎತ್ತಿನ ಪಕ್ಕೆಗೆ ಮೆಲ್ಲಗೆ ಒಂದು ಬೆರಳು ತಾಗಿಸಿ ಹಿಂದೆಗೆಯುವುದು. ಬೆರಳು ತಾಗಿದಷ್ಟೇ ಜಾಗ ಕೆರೆಗೆ ಕಲ್ಲು ಬಿದ್ದಂತೆ ನಡುಗುತ್ತಿತ್ತು. ಎತ್ತು ಕಣ್ಣು ಕೂಡ ತೆರೆಯುತ್ತಿರಲಿಲ್ಲ. ಆ ಚರ್ಮಕ್ಕೆ ಅದರದ್ದೇ ಒಂದು ಬುದ್ಧಿ ಇದೆ ಎಂದು ನಾನು ನಂಬಿದ್ದೆ.

ಅದರ ಕಾರಣವೆಲ್ಲ ಈಗ ಓದಿ ತಿಳಿದಿದ್ದೇನೆ. ಬಿಳಿ ನುಣುಪು ಕೂದಲು ಬಿಸಿಲನ್ನು ಹಿಂದಕ್ಕಟ್ಟುತ್ತದೆ, ಅದನ್ನೂ ದಾಟಿ ಬಂದದ್ದನ್ನು ಕಪ್ಪು ಚರ್ಮ ತಡೆಯುತ್ತದೆ. ಬೆವರಿನ ಗ್ರಂಥಿಗಳು ಹೆಚ್ಚು, ಚರ್ಮವೂ ಸಡಿಲ. ಉಣ್ಣೆ ಹತ್ತಿದರೂ ಆಂಗಸ್‌ನಷ್ಟು ಸೋಲುವುದಿಲ್ಲ. ಹಿಣಿಲಿನ ದನ ಸಿಂಧೂ ಕಣಿವೆಯ ಕಡೆ ಸುಮಾರು 8,000 ವರ್ಷಗಳ ಹಿಂದೆ ಮನುಷ್ಯನ ಹಟ್ಟಿಗೆ ಬಂತು. ಹಿಣಿಲಿಲ್ಲದ್ದು ಅದಕ್ಕೂ ಮೊದಲು ಪಶ್ಚಿಮ ಏಷ್ಯಾದಲ್ಲಿ ಪಳಗಿತು. ಎರಡರ ಕಾಡು ಪೂರ್ವಜರು ಬೇರೆಯಾಗಿ ಲಕ್ಷಾಂತರ ವರ್ಷಗಳಾಗಿದ್ದವು. ಇಷ್ಟೆಲ್ಲ ತಿಳಿದ ಮೇಲೂ ಬೆರಳು ತಾಗಿದಲ್ಲಿ ಚರ್ಮ ನಡುಗಿದ್ದರ ಸೋಜಿಗ ಇಳಿಯಲಿಲ್ಲ. ಕಾರಣ ಗೊತ್ತಾದರೆ ಬೆರಗು ಹೋಗುತ್ತದೆ ಎನ್ನುವವರು ಬಹುಶಃ ದನ ಮುಟ್ಟಿದವರಲ್ಲ.

ಹುಡುಗನ ಪ್ರವಾಸದ ನೆಪದಲ್ಲಿ ನಾನೂ ಕೂತಲ್ಲೇ ಒಂದಿಷ್ಟು ತಿರುಗಾಡಿದೆ. ಓಂಗೋಲು ದನ ಬ್ರೆಜಿಲ್‌ಗೆ ಹೋದದ್ದು ಹೇಗೆ ಎಂದು ಹುಡುಕಿದರೆ ಸಿಕ್ಕಿದ ಮೊದಲ ಹೆಜ್ಜೆಯೇ ಆಕಸ್ಮಿಕ. 1868ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹಡಗೊಂದು ಬ್ರೆಜಿಲ್‌ನ ಸಾಲ್ವಡೋರ್ ಬಂದರಿನಲ್ಲಿ ಲಂಗರು ಹಾಕಿತು. ಅದರಲ್ಲಿ ಒಂದು ಜೋಡಿ ಓಂಗೋಲು ದನವಿತ್ತು, ಅವನ್ನು ಅಲ್ಲೇ ಮಾರಿಬಿಟ್ಟರು. ಹತ್ತು ವರ್ಷದ ಮೇಲೆ, 1878ರಲ್ಲಿ, ರಿಯೊ ಕಡೆಯ ಮನೊಯೆಲ್ ಲೆಂಗ್ರುಬರ್ ಎಂಬ ದನಗಾರ ಜರ್ಮನಿಗೆ ಹೋಗಿದ್ದಾಗ ಹ್ಯಾಂಬರ್ಗ್‌ನ ಪ್ರಾಣಿಸಂಗ್ರಹಾಲಯದಲ್ಲಿ ಓಂಗೋಲು ಕಂಡ. ಅಲ್ಲಿಂದಲೇ ಒಂದು ಜೋಡಿ ಕೊಂಡು ತಂದ.

ಈ ಲೆಂಗ್ರುಬರ್ ನನ್ನನ್ನು ಬಿಡುತ್ತಲೇ ಇಲ್ಲ. ಹುಲಿ, ಸಿಂಹ, ಹಿಮಕರಡಿ ನೋಡಲೆಂದು ಜನ ಟಿಕೆಟ್ಟು ಕೊಟ್ಟು ಬರುವ ಜಾಗ. ಅಲ್ಲಿ ಕೃಷ್ಣೆ, ಗುಂಡ್ಲಕಮ್ಮದ ತೀರದಲ್ಲಿ ಯಾರೋ ರೈತ ಎರೆಭೂಮಿ ಉಳಲೆಂದು ಸಾಕಿದ ದನ, ಹುಲ್ಲು ಮೆಲ್ಲುತ್ತ ನಿಂತಿದೆ. ಅದನ್ನು ಎಷ್ಟು ಜನ ತಿರುಗಿ ನೋಡಿರಬೇಕು? ಇವನೊಬ್ಬ ನಿಂತ. ತನ್ನೂರಿನ ಸೆಕೆ, ಉಣ್ಣೆ, ಬೇಸಿಗೆಯಲ್ಲಿ ಒಣಗಿ ಬೀಳುವ ಯುರೋಪಿನ ದನಗಳು ಅವನ ಕಣ್ಣ ಮುಂದೆ ಬಂದಿರಬೇಕು. ಪಕ್ಕದಲ್ಲಿ ನಿಂತವರಿಗೆ ಅದೊಂದು ವಿಚಿತ್ರ ಪ್ರಾಣಿ, ಇವನಿಗೆ ಮಾತ್ರ ಉತ್ತರ. ಮುಂದೆ ಬ್ರೆಜಿಲ್‌ನವರು ಭಾರತಕ್ಕೇ ಬರತೊಡಗಿದರು. 1960ರ ದಶಕದ ಮೊದಲಲ್ಲಿ ಒಯ್ದ ಹೋರಿಗಳಲ್ಲಿ ಒಂದರ ಹೆಸರು ಕರ್ವದಿ. ಓಂಗೋಲಿನ ಹತ್ತಿರದ ಕರವದಿ ಎಂಬ ಹಳ್ಳಿಯ ಹೆಸರು ಅದು. ನಮ್ಮಲ್ಲೂ ಹಾಗೇ, ಗಲಗಲಿ ಎಂಬ ಊರಿನಿಂದ ತಂದ ಎತ್ತನ್ನು ನಾವು ‘ಗಲಗಲಿ’ ಎಂದೇ ಕರೆಯುತ್ತಿದ್ದೆವು. ಕರ್ವದಿಯ ರಕ್ತ ಇಲ್ಲದ ನೆಲೋರೆ ಹಿಂಡನ್ನು ಇವತ್ತು ಹುಡುಕಿಯೇ ನೋಡಬೇಕಂತೆ. ಇಷ್ಟಕ್ಕೂ ಭಾರತದಿಂದ ಅಲ್ಲಿಗೆ ಹೋದ ದನಗಳು ಎಲ್ಲ ಸೇರಿ ಏಳು ಸಾವಿರ ದಾಟಿರಲಿಕ್ಕಿಲ್ಲ. ನಮ್ಮ ಕಡೆಯ ಒಂದು ದೊಡ್ಡ ದನದ ಜಾತ್ರೆಯಲ್ಲೇ ಅಷ್ಟು ಸೇರುತ್ತಿದ್ದವು.

ನನ್ನ ಹೊಳೆಯ ದನವೂ ಸಮುದ್ರ ದಾಟಿದೆ ಎಂಬುದು ಈ ಹುಡುಕಾಟದಲ್ಲಿ ಸಿಕ್ಕ ಲಾಭ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ದೊರೆಗಳು ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಓಂಗೋಲು, ನಮ್ಮ ಮೈಸೂರು ಕಡೆಯ ದನ, ಇವನ್ನೆಲ್ಲ ಬೆರೆಸಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಎರೆಭೂಮಿಗೆ ಒಗ್ಗುವ ಭಾರೀ ದನವೊಂದನ್ನು ಕಟ್ಟಿದರು. ಅದೇ ಕೃಷ್ಣಾ ವ್ಯಾಲಿ ತಳಿ. ಅಮೆರಿಕದ ಬ್ರಾಹ್ಮನ್ ಎಂಬ ಮಾಂಸದ ತಳಿ ಕಟ್ಟಲು ಬಳಸಿದ ನಾಲ್ಕು ಮುಖ್ಯ ಭಾರತೀಯ ತಳಿಗಳಲ್ಲಿ ಇದೂ ಒಂದು. ಮಾಂಸದ ದನಕ್ಕೆ ‘ಬ್ರಾಹ್ಮನ್’ ಎಂದು ಹೆಸರಿಟ್ಟವರ ಮುಗ್ಧತೆಗೆ ಏನೆನ್ನಬೇಕೋ! ಆ ಕಡೆ ಟೆಕ್ಸಾಸಿನಲ್ಲಿ ಅದರ ಮೊಮ್ಮಕ್ಕಳು ಮೇಯುತ್ತಿದ್ದರೆ, ಈ ಕಡೆ ನಮ್ಮೂರಲ್ಲಿ ಟ್ರ್ಯಾಕ್ಟರ್ ಬಂದು ಶುದ್ಧ ಕೃಷ್ಣಾ ತೀರದ ಎತ್ತು ನೋಡಲು ಹತ್ತು ಊರು ತಿರುಗಬೇಕಾಗಿದೆ.

ನಡುವೆ ಹುಡುಗ ಉಬೆರಾಬಾಕ್ಕೂ ಹೋಗಿಬಂದ. ಹಿಣಿಲಿನ ದನ ಸಾಕುವವರ ರಾಷ್ಟ್ರೀಯ ಸಂಘ ಇರುವ ಊರದು, ಪ್ರತಿ ವರ್ಷ ದೊಡ್ಡ ಪ್ರದರ್ಶನ ನಡೆಯುತ್ತದೆ. ವಿಯಾಟಿನಾ-19 ಎಂಬ ನೆಲೋರೆ ಹಸುವಿನ ಜಾಹೀರಾತು ಫಲಕಗಳನ್ನು ಹೆದ್ದಾರಿಯಲ್ಲಿ ಕಂಡನಂತೆ. 1,101 ಕಿಲೋ ತೂಕ, ಜಗತ್ತಿನ ಅತಿ ದುಬಾರಿ ಹಸುವೆಂದು ಗಿನ್ನೆಸ್ ದಾಖಲೆ ಸೇರಿದ್ದವಳು. ನಮ್ಮ ಟಿವಿ ಚಾನೆಲ್ಲುಗಳೂ ‘ನಲವತ್ತು ಕೋಟಿಯ ಹಸು’ ಎಂದು ದಿನವಿಡೀ ಕೂಗಿದ್ದು ಇವಳನ್ನೇ. ನನಗೆ ಆ ಅಂಕಿಯಿಂದ ಏನೂ ಅನ್ನಿಸಲಿಲ್ಲ. ಹುಡುಗನಿಗೂ ಅಷ್ಟೆ. ‘ದೊಡ್ಡ ಹಸು’ ಎಂದಷ್ಟೇ ಬರೆದು, ಮರುಸಾಲಿನಲ್ಲಿ ಫಜೆಂಡಾದ ಹದಿನಾಲ್ಕು ವರ್ಷದ ಒಂದು ಹಸು ಹನ್ನೊಂದನೇ ಸೂಲಿಗೆ ಗಬ್ಬವಾಗಿರುವ ಸುದ್ದಿ ಬರೆದಿದ್ದ. ಹಿಂಡಿಯಿಲ್ಲ, ಬೂಸಾ ಇಲ್ಲ, ಕೊಟ್ಟಿಗೆಯಿಲ್ಲ, ಬರೀ ಹುಲ್ಲು. ಆ ಹುಲ್ಲಾದರೂ ಅಲ್ಲಿಯದಲ್ಲ, ಆಫ್ರಿಕಾದಿಂದ ಬಂದ ಬ್ರಾಕಿಯಾರಿಯಾ. ಸೆರಾಡೊ ಎಂಬ ಆ ಬಯಲಿನ ಹುಳಿಮಣ್ಣಿಗೆ ಸುಣ್ಣ ಹಾಕಿ, ಅದರಲ್ಲಿ ಆಫ್ರಿಕಾದ ಹುಲ್ಲು ಬೆಳೆದು, ಅದನ್ನು ಓಂಗೋಲಿಗೆ ಮೇಯಿಸುತ್ತಾರೆ.

ಇನ್ನು ಆ ಕಪ್ಪು ಕರುವಿನ ಮಾತು.

ನವೆಂಬರಿನಲ್ಲಿ ಅಲ್ಲಿ ಮಳೆ ಹಿಡಿದ ಮೇಲೆ ಹಸುಗಳಿಗೆ ಗಬ್ಬ ಕಟ್ಟಿಸುವ ಕಾಲ. ಒಂದೇ ದಿನ ಮುನ್ನೂರು ಹಸುಗಳಿಗೆ ಕೃತಕ ಗರ್ಭಧಾರಣೆ. ಎಲ್ಲವೂ ಒಟ್ಟಿಗೆ ಬೆದೆಗೆ ಬರುವ ಹಾಗೆ ಮೊದಲೇ ಔಷಧಿ ಕೊಟ್ಟಿರುತ್ತಾರೆ. ಬೆಳಗಿನ ನಾಲ್ಕಕ್ಕೆ ದನಗಾರರು ಹೇಸರಗತ್ತೆ ಏರಿ ಹೊರಟು, ಎತ್ತಿನ ಕೊಂಬಿನ ಕಹಳೆ ಊದಿ ಹಿಂಡನ್ನು ಹಾದಿಗೆ ತರುತ್ತಾರೆ. ಆ ಕಹಳೆಯ ದನಿ ಕೇಳಿ ಬಿಳಿ ಹಿಂಡು ಮಂಜಿನೊಳಗಿಂದ ನಡೆದು ಬಂದದ್ದನ್ನು ಹುಡುಗ ವಿಡಿಯೋ ಮಾಡಲು ಹೋಗಿ ಮರೆತನಂತೆ. ಕೊಂಬಿನಲ್ಲಿ ತಣ್ಣನೆಯ ತೆರೆರೆ ಕಷಾಯ ಕೈಯಿಂದ ಕೈಗೆ ಸುತ್ತು ಬರುತ್ತದೆ. ಆಮೇಲೆ ಒಂದು ಸಣ್ಣ ಸಿಲಿಂಡರಿನ ಮುಚ್ಚಳ ತೆಗೆಯುತ್ತಾರೆ. ಒಳಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ, ಬಿಳಿ ಹೊಗೆ. ಅದರೊಳಗಿಂದ ಚಿಮಟದಲ್ಲಿ ಒಂದು ಕಡ್ಡಿ ಮೇಲೆ ಬರುತ್ತದೆ, ರೀಫಿಲ್ಲಿಗಿಂತ ಕೊಂಚ ದಪ್ಪ. ಅದನ್ನು ಬೆಚ್ಚಗಿನ ನೀರಿಗಿಟ್ಟು, ಒರೆಸಿ, ಮೇಲಿನ ಬರಹ ಓದಲು ಹುಡುಗನ ಕೈಗೆ ಕೊಟ್ಟರು.

ಆಂಗಸ್.

ಸೆಕೆಯ ಸೆರಾಡೊದಲ್ಲಿ ಆಂಗಸ್ ಹೋರಿ ನೆರಳು ಹುಡುಕಿ ನಿಲ್ಲುತ್ತದೆಯೇ ಹೊರತು ಹಸುಗಳ ಹಿಂದೆ ಹೋಗುವುದಿಲ್ಲ. ಹಾಗಾಗಿ ಹೋರಿ ಹೋಗದೆ ಬೀಜ ಹೋಗುತ್ತದೆ. ಬ್ರೆಜಿಲ್‌ನಲ್ಲಿ ಇವತ್ತು ಅತಿ ಹೆಚ್ಚು ಮಾರಾಟವಾಗುವ ಮಾಂಸದ ತಳಿಯ ವೀರ್ಯಗಳಲ್ಲಿ ಆಂಗಸ್‌ನದು ಮುಂಚೂಣಿ. ನೆಲೋರೆ ತಾಯಿ, ಆಂಗಸ್ ತಂದೆ. ಕರು ತಂದೆಯಂತೆ ಕಪ್ಪು, ಕೊಂಬಿಲ್ಲ. ತಾಯಿಯಂತೆ ಸಡಿಲ ಚರ್ಮ, ಸೆಕೆ ತಾಳುವ ಮೈ. ಎರಡು ದೂರದ ನೆತ್ತರು ಕೂಡಿದ ಕಸುವು ಬೇರೆ. ಹೆಗಲ ಮೇಲೆ ಅರ್ಧ ಹಿಣಿಲು, ಇದೆಯೋ ಇಲ್ಲವೋ ಎನ್ನುವಷ್ಟು.

ಆಂಗಸ್ ವಂಶಾವಳಿಯ ಬೇರು ಹಿಡಿದು ಹೋದರೆ ಬಹುಪಾಲು ಒಬ್ಬನ ಕೊಟ್ಟಿಗೆ ಮುಟ್ಟುತ್ತೇವೆ. ಹ್ಯೂ ವಾಟ್ಸನ್ 1808ರಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ಕೀಲರ್ ಎಂಬಲ್ಲಿ ಗೇಣಿಗೆ ಜಮೀನು ಹಿಡಿದ. ಅಪ್ಪ ಕೊಟ್ಟ ಕೆಲವು ಹಸುಗಳಿಂದ ಶುರು ಮಾಡಿ, ಕಪ್ಪಗಿದ್ದು ಕೊಂಬಿಲ್ಲದವನ್ನೇ ಆರಿಸುತ್ತ ಹೋದ. ಅವನ ‘ಓಲ್ಡ್ ಗ್ರ್ಯಾನಿ’, ಅಂದರೆ ಅಜ್ಜಿ ಎಂಬ ಹಸು 35 ವರ್ಷ ಬದುಕಿ 29 ಕರು ಹಾಕಿತಂತೆ. ವಾಟ್ಸನ್ ತನ್ನ ಚಳಿಗೆ, ತನ್ನ ಟರ್ನಿಪ್ ಗಡ್ಡೆಗೆ, ತನ್ನ ಊರಿನ ಸಂತೆಗೆ ಹೊಂದುವ ದನ ಮಾಡಿದ. ಓಂಗೋಲಿನ ಹೆಸರಿಲ್ಲದ ರೈತನೂ ತನ್ನ ಎರೆ, ತನ್ನ ಬಿಸಿಲು, ತನ್ನ ನೇಗಿಲು ನೋಡಿ ಹೋರಿ ಆರಿಸಿದ. ಒಬ್ಬನಿಗೆ ಇನ್ನೊಬ್ಬ ಇದ್ದಾನೆಂಬುದೇ ಗೊತ್ತಿಲ್ಲ. ಇಬ್ಬರ ಆಯ್ಕೆಗಳೂ ಆಫ್ರಿಕಾದ ಹುಲ್ಲಿನ ಮೇಲೆ, ದಕ್ಷಿಣ ಅಮೆರಿಕದ ಒಂದು ಬೇಲಿಯ ಪಕ್ಕ, ತೊಡರುಗಾಲಿಡುತ್ತ ಎದ್ದು ನಿಂತಿವೆ. ಫೋನಿನ ಬೆಳಕಿನಲ್ಲಿ ನಾನು ನೋಡಿದ್ದು ಇದನ್ನು. ಅವತ್ತು ಪಾತ್ರೆ ಅರ್ಧ ತೊಳೆದೇ ಮಲಗಿದೆ.

ಇಷ್ಟು ಹೇಳಿ ಮಾಂಸದ ಮಾತು ಬಿಟ್ಟರೆ ಕಳ್ಳತನವಾಗುತ್ತದೆ. ಆ ಕರು ಮಾಂಸಕ್ಕೇ ಹುಟ್ಟಿದ್ದು. ಅಲ್ಲಿ ದನದ ಬೆಲೆ ಅರೋಬಾ ಲೆಕ್ಕದಲ್ಲಿ. ಕಡಿದ ಮೇಲಿನ ತೂಕದ 15 ಕಿಲೋಗೆ ಒಂದು ಅರೋಬಾ. ಇನ್ನು ಹಿಣಿಲಿಗೆ ಅಲ್ಲಿಯವರು ‘ಕುಪಿಂ’ ಎನ್ನುತ್ತಾರೆ, ಅಂದರೆ ಗೆದ್ದಲು, ಹುತ್ತ. ಬಯಲ ತುಂಬ ಕೆಂಪು ಹುತ್ತಗಳು, ದನಗಳ ಬೆನ್ನ ಮೇಲೂ ಹುತ್ತ. ಕೆಂಡದ ಮೇಲೆ ತಾಸುಗಟ್ಟಲೆ ಬೇಯಿಸಿದ ಕುಪಿಂ ಅಲ್ಲಿ ಬಹಳ ರುಚಿಯ ತುಂಡು ಎಂದು ಹೆಸರು. ತಿಂದ ಮೇಲೆ ಹುಡುಗ ನನಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದನಂತೆ. ನಮ್ಮ ಮನೆಯಲ್ಲಿ ಹಿಣಿಲು ಎಂದರೆ ನೊಗ ಹಿಂದಕ್ಕೆ ಜಾರದಂತೆ ತಡೆಯುವ ಜಾಗ. ಹಬ್ಬಕ್ಕೆ ಅಲ್ಲಿ ಅರಿಶಿನ ಬಳಿಯುತ್ತಿದ್ದರು.

ನಾನು ಮಾಂಸ ತಿಂದವನಲ್ಲ. ಅವನ ತಾಯಿ ಭಾನುವಾರದ ಊಟಕ್ಕೆ ಕರೆದಾಗ ನನಗಾಗಿ ಆಲೂಗಡ್ಡೆ, ಗಜ್ಜರಿ ಬೇರೆಯೇ ಬೇಯಿಸುತ್ತಾರೆ. ಒಮ್ಮೆ ಆ ಮೇಜಿನಲ್ಲೇ ಹುಡುಗ ಕೇಳಿದ, ‘ನಿಮ್ಮಜ್ಜನ ಎತ್ತುಗಳು ಮುದಿಯಾದ ಮೇಲೆ ಏನಾಗುತ್ತಿದ್ದವು?’ ಕುತರ್ಕಕ್ಕೆ ಕೇಳಿದ್ದಲ್ಲ, ದನಗಾರ ದನಗಾರನಿಗೆ ಕೇಳುವ ಪ್ರಶ್ನೆ. ನಾನು ಇದ್ದದ್ದು ಹೇಳಿದೆ. ಎಡಗಡೆಯ ಆ ಎತ್ತನ್ನು ಅಜ್ಜ ಒಂದು ಬೆಳಿಗ್ಗೆ ಸಂತೆಗೆ ಹೊಡೆದುಕೊಂಡು ಹೋದ. ಸಂಜೆ ಬರುವಾಗ ಕೈಯಲ್ಲಿ ಹಗ್ಗ ಮಾತ್ರ ಇತ್ತು. ಎತ್ತು ಕೊಟ್ಟರೂ ಹಗ್ಗ ಕೊಡಬಾರದು ಎಂದು ಅವನ ನೇಮ. ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ, ಕೈಕಾಲು ತೊಳೆದು, ಊಟ ಬೇಡವೆಂದು ಮಲಗಿದ. ಯಾರಿಗೆ ಕೊಟ್ಟೆ ಎಂದು ಅವ್ವನೂ ಕೇಳಲಿಲ್ಲ. ‘ನಮ್ಮಪ್ಪ ಕೂಡ ಲಾರಿ ಬಂದ ದಿನ ಮಧ್ಯಾಹ್ನ ಉಣ್ಣುವುದಿಲ್ಲ’ ಎಂದ ಹುಡುಗ. ಅವನ ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ.

ಕಾಡಿನ ಮಾತೂ ಬಂತು. ಬ್ರೆಜಿಲ್‌ನಲ್ಲಿ ಕಾಡು ಕಡಿದ ನೆಲದಲ್ಲಿ ಬಹಳಷ್ಟು ಹುಲ್ಲುಗಾವಲಾಗಿದೆ, ಇದು ಮುಚ್ಚಿಡುವ ವಿಷಯವಲ್ಲ. ಅಮೆಜಾನ್ ಕಾಡಿನ ಸೀಮೆಯಲ್ಲಿ ಜಮೀನಿನ ನೂರಕ್ಕೆ 80 ಭಾಗವನ್ನು ಕಾಡಾಗಿಯೇ ಬಿಡಬೇಕೆಂದು ಕಾನೂನಿದೆ. ಕಾನೂನು ಇದ್ದಲ್ಲೆಲ್ಲ ಕಾಡು ಉಳಿದಿದೆಯೇ ಎಂದು ಹುಡುಗ ಫಜೆಂಡಾದ ಯಜಮಾನನನ್ನು ಕೇಳಿದ. ಯಜಮಾನ ಅವನ ಫೋನಿನಲ್ಲಿದ್ದ ಸ್ಕಾಟ್ಲೆಂಡಿನ ಬೋಳು ಬೆಟ್ಟಗಳ ಚಿತ್ರ ತೋರಿಸಿ, ‘ಈ ಕಾಡು ತಿಂದದ್ದು ಯಾರ ದನ?’ ಎಂದನಂತೆ. ಅದಕ್ಕೆ ಉತ್ತರ ಹೊಳೆಯಲಿಲ್ಲವೆಂದು ಹುಡುಗ ವರದಿಯಲ್ಲೂ ಬರೆದ. ಅಪ್ಪ ಆ ಸಾಲು ತೆಗೆ ಎಂದರೂ ತೆಗೆಯಲಿಲ್ಲ.

ಡಿಸೆಂಬರಿನಲ್ಲಿ ವಾಪಸಾದ. ದನದ ರೋಗ ಹೊತ್ತು ತಂದೇನೆಂದು ಹೆದರಿ ಬೂಟುಗಳನ್ನು ಕಂಪೊ ಗ್ರಾಂಡೆಯಲ್ಲೇ ಬಿಟ್ಟು, ವಿಮಾನ ನಿಲ್ದಾಣದಿಂದ ಚಪ್ಪಲಿಯಲ್ಲಿ ಹಿಮದೊಳಗೆ ಇಳಿದ. ತಂದದ್ದು ಒಂದು ನೋಟ್‌ಬುಕ್ಕು. ಆ ಚಳಿಗಾಲ ಅಪ್ಪ ಮಗನಿಗೆ ಸಣ್ಣ ಜಗಳವೂ ಆಯಿತು, ಯಾವ ಕಡಸನ್ನು ಹಿಂಡಿಗೆ ಉಳಿಸಿಕೊಳ್ಳುವುದು ಎಂದು. ಅಪ್ಪನ ಕಣ್ಣು ಪ್ರದರ್ಶನದಲ್ಲಿ ಬಹುಮಾನ ಗೆದ್ದ ಹಸುವಿನ ಮಗಳ ಮೇಲೆ. ಅಗಲ ಬೆನ್ನು, ರೇಷ್ಮೆಯಂಥ ಮೈ. ಮಗ ಹಿಡಿದು ಕೂತದ್ದು ಸಾಧಾರಣ ನೋಟದ ಒಂದನ್ನು. ಅದರ ತಾಯಿಗೆ ಹನ್ನೆರಡು ವರ್ಷ, ಒಂದು ವರ್ಷವೂ ಸೂಲು ತಪ್ಪಿಸಿಲ್ಲ, ವೈದ್ಯರನ್ನು ಕರೆಸಿಲ್ಲ. ಕಡೆಗೆ ಮಗನ ಮಾತು ನಡೆಯಿತು.

ದನದ ತಳಿ ಕಟ್ಟುವವರ ಲೆಕ್ಕ ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ನನ್ನ ಕಚೇರಿಯಲ್ಲಿ ಬೆಳಿಗ್ಗೆ ಮಾಡಿದ ತಪ್ಪು ಮಧ್ಯಾಹ್ನದೊಳಗೆ ಮೇಲಧಿಕಾರಿಯ ಬಾಯಿಂದ ತಿಳಿಯುತ್ತದೆ. ಇವರಿಗೆ ಹಾಗಲ್ಲ. ಇವತ್ತು ಹೋರಿ ಆರಿಸಿದರೆ ಕರು ಬೀಳಲು ಒಂಬತ್ತು ತಿಂಗಳು. ಅದು ಹೆಣ್ಣಾಗಿ, ಬೆಳೆದು, ಗಬ್ಬವಾಗಿ ಈಯಲು ಇನ್ನೆರಡು ವರ್ಷ. ಒಳ್ಳೆಯ ತಾಯಿ ಹೌದೋ ಅಲ್ಲವೋ ಗೊತ್ತಾಗಲು ಮತ್ತೆ ಎರಡು ಮೂರು ಸೂಲು ಕಾಯಬೇಕು. 25ರ ಹುಡುಗ 65ರವರೆಗೆ ದುಡಿದರೂ ತನ್ನ ಆಯ್ಕೆಯ ಫಲ ಕಂಡು ತಿದ್ದಿಕೊಳ್ಳಲು ಸಿಗುವುದು ಏಳೋ ಎಂಟೋ ಸಲ. ಲೆಂಗ್ರುಬರ್‌ಗೆ, ವಾಟ್ಸನ್‌ಗೆ, ಓಂಗೋಲಿನ ಆ ರೈತನಿಗೆ ಸಿಕ್ಕಿದ್ದೂ ಅಷ್ಟೆ.

ಈ ಜೂನ್ ತಿಂಗಳ ಮಣ್ಣೆತ್ತಿನ ಅಮಾವಾಸ್ಯೆಗೆ ಊರಿನಿಂದ ಅವ್ವ ಫೋನು ಮಾಡಿ ನೆನಪಿಸಿದಳು. ಸಂಜೆ ಹಳ್ಳದ ದಂಡೆಯಲ್ಲಿ ಜೇಡಿಮಣ್ಣು ಅಗೆದು ತಂದು, ಹುಡುಗನ ಹೊಲದ ಗೇಟಿನ ಹತ್ತಿರ ಕೂತು ಎತ್ತು ಮಾಡಿದೆ. ಇಲ್ಲಿ ಜೂನಿನಲ್ಲಿ ರಾತ್ರಿ ಹತ್ತಕ್ಕೂ ಬೆಳಕು. ಆಚೆ ಹೋರಿಯ ಜೊತೆ ಕಡಸುಗಳನ್ನು ಬಿಟ್ಟಿದ್ದರು. ಹುಡುಗ ಬಂದು ಗೇಟು ಹತ್ತಿ ಕೂತು, ‘ಅದೇ’ ಎಂದು ತೋರಿಸಿದ. ಸಾಧಾರಣ ಕಡಸು ಬೇಲಿಯ ಬಳಿಯೇ ಮೇಯುತ್ತಿತ್ತು.

‘ಆಯ್ಕೆ ಸರಿಯಾಯಿತಾ?’ ಎಂದೆ.

‘ಕೇಳಲು ಇನ್ನೂ ಏಳು ವರ್ಷ ಇದೆ.’

ಹಳೆಯ ಚಟ. ಬೇಲಿಯೊಳಗೆ ಕೈ ಹಾಕಿ ಕಡಸಿನ ಪಕ್ಕೆಗೆ ಮೆಲ್ಲಗೆ ಒಂದು ಬೆರಳು ತಾಗಿಸಿ ಹಿಂದೆಗೆದೆ. ಚರ್ಮ ಅಲುಗಲಿಲ್ಲ. ಕಡಸು ತಲೆಯೆತ್ತಿ ನನ್ನನ್ನು ನೋಡಿ, ಎರಡು ಹೆಜ್ಜೆ ಸರಿದು ಮತ್ತೆ ಮೇಯತೊಡಗಿತು.

ಹುಡುಗ ಕೆಳಗಿಳಿದು ನನ್ನ ಜೋಡೆತ್ತುಗಳನ್ನು ಒಂದೊಂದಾಗಿ ಎತ್ತಿ ನೋಡಿದ, ಹಿಂಗಾಲಿನಿಂದ ಶುರು ಮಾಡಿ. ಅವುಗಳ ಹಿಣಿಲನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ ಎತ್ತುವುದು ಹೇಗೆಂದು ತೋರಿಸಿದೆ. ಉಳಿದ ಮಣ್ಣಿನಲ್ಲಿ ಅವನೂ ಒಂದನ್ನು ಮಾಡಿದ. ಕಾಲು ಮೋಟು, ಕಿವಿ ದೊಡ್ಡದು, ಕರು ಎಂದು ತಿಳಿಯುವಂತಿತ್ತು. ಬೆನ್ನಿನ ಮೇಲೆ ಎರಡು ಬೆರಳಿಟ್ಟು ನನ್ನ ಕಡೆ ನೋಡಿದ.

‘ಎಷ್ಟು ಎತ್ತಲಿ?’

‘ಅರ್ಧ’ ಎಂದೆ.